ಅಣುಜೀವಿಗಳು: ರೈತನ ಮಿತ್ರರು, ಶತ್ರುಗಳು

ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ತಿಪ್ಪೆಗೆ ಸುರಿದ ಕಸಕಡ್ಡಿ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುತ್ತದೆ. ಈ ಮೂರೂ ಅಣುಜೀವಿಗಳ ಕೆಲಸ. ಇವು ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಚಮಚ ಫಲವತ್ತಾದ ಮಣ್ಣಿನಲ್ಲಿ ಇವು ಕೋಟಿಗಟ್ಟಲೆ ಇರುತ್ತವೆ.

ಕಂಡುಹಿಡಿದ ಬಗೆ

ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ 1670ರ ದಶಕದಲ್ಲಿ ತಾನೇ ಉಜ್ಜಿ ತಯಾರಿಸಿದ ಮಸೂರದಿಂದ ಇವುಗಳನ್ನು ಕಂಡನು. ಆದರೆ ಇವು ಮಾಡುವ ಕೆಲಸವೇನೆಂಬುದು ಸುಮಾರು ಇನ್ನೂರು ವರ್ಷ ಸ್ಪಷ್ಟವಾಗಲಿಲ್ಲ. ಹಾಲು ಹುಳಿಯಾಗಲು ಅಣುಜೀವಿಯೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಸ್ಚರ್ 1857ರಲ್ಲಿ ತಿಳಿಸಿದರು. ದನಗಳ ನೆರಡಿ ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಜರ್ಮನಿಯ ರಾಬರ್ಟ್ ಕಾಕ್ 1876ರಲ್ಲಿ ತೋರಿಸಿಕೊಟ್ಟರು.

ನಮ್ಮ ನಾಡಿನಲ್ಲಿ

ಮೈಸೂರು ಸಂಸ್ಥಾನದಲ್ಲಿ ಈ ವಿಜ್ಞಾನವನ್ನು ಹೊಲ ತೋಟಗಳಿಗೆ ತಂದವರಲ್ಲಿ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಪ್ರಮುಖರು. ಆಗ ಮಲೆನಾಡಿನ ರೈತರು ಕೊಳೆರೋಗದಿಂದ ಅಡಿಕೆಯನ್ನು ಉಳಿಸಲು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಈ ರೋಗಕ್ಕೆ ಫೈಟಾಫ್ತೊರ ಎಂಬ ಅಣುಜೀವಿ ಕಾರಣವೆಂದು ಕೋಲ್ಮನ್ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ಸಿಂಪರಣೆ ಬಳಕೆಗೆ ಬಂದಿತು. ಮಳೆ ಹಿಡಿಯುವ ಮುನ್ನವೇ ಇದನ್ನು ಸಿಂಪಡಿಸುವ ಪದ್ಧತಿ ಇಂದಿಗೂ ಉಳಿದಿದೆ. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ನೀಡಿದ 30 ಎಕರೆ ಭೂಮಿಯಲ್ಲಿ ಪ್ರಯೋಗಕ್ಷೇತ್ರ ಆರಂಭವಾಗಿತ್ತು. ಅಲ್ಲಿಯೇ 1913ರಲ್ಲಿ ಕೃಷಿ ಶಾಲೆ ತೆರೆಯಿತು.

ಬೇರುಗಂಟಿನ ಗುಟ್ಟು

ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಿದರೆ ನೆಲಕ್ಕೆ ಒಳ್ಳೆಯದೆಂದು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು. ಇದರ ಕಾರಣವನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ತಿಳಿಸಿದರು. ದ್ವಿದಳ ಸಸ್ಯಗಳು ಬೇರುಗಂಟಿನ ಅಣುಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುತ್ತವೆ. ಹಾಲೆಂಡಿನ ಬೈಯರಿಂಕ್ 1888ರಲ್ಲಿ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಅದೇ ಇಂದಿನ ರೈಜೋಬಿಯಂ. ಗಿಡ ಅದಕ್ಕೆ ಸಕ್ಕರೆಯ ಅಂಶವನ್ನು ಕೊಡುತ್ತದೆ. ಅದು ಗಿಡಕ್ಕೆ ಸಾರಜನಕವನ್ನು ಒದಗಿಸುತ್ತದೆ.

ಬೀಜೋಪಚಾರ

ರೈಜೋಬಿಯಂ ಪೊಟ್ಟಣದಲ್ಲಿರುವುದು ಜೀವಂತ ವಸ್ತು. ಯೂರಿಯಾ ಚೀಲದಂತೆ ಬಿಸಿಲಿನಲ್ಲಿ ಇಟ್ಟರೆ ಜೀವಾಣುಗಳು ಸಾಯುತ್ತವೆ. ಅನಂತರ ಬೀಜಕ್ಕೆ ಅಂಟುವುದು ಬರಿಯ ಪುಡಿ. ಕೊಟ್ಟ ಹಣ ವ್ಯರ್ಥ, ಬೆಳೆಗೂ ಪ್ರಯೋಜನವಿಲ್ಲ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸಬೇಕು.

1. ಪೊಟ್ಟಣದ ಮೇಲೆ ಬೆಳೆಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಿ ಕೊಳ್ಳಬೇಕು. ಸೋಯಾ ಅವರೆಯ ರೈಜೋಬಿಯಂ ಕಡಲೆಗೆ ಉಪಯೋಗವಾಗದು.

2. ಒಂದು ಎಕರೆಯ ಬಿತ್ತನೆ ಬೀಜಕ್ಕೆ ಸಾಮಾನ್ಯವಾಗಿ 200 ಗ್ರಾಂ ಸಾಕು. ಬೆಲ್ಲದ ನೀರನ್ನು ಕಾಯಿಸಿ, ಪೂರ್ತಿ ಆರಿಸಿ, ಬೀಜಕ್ಕೆ ಚಿಮುಕಿಸಿ, ಪುಡಿಯನ್ನು ಹಗುರವಾಗಿ ಬೆರೆಸಬೇಕು. ಬಿಸಿ ಇರುವಾಗ ಬೆರೆಸಬಾರದು.

3. ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು.

4. ಶಿಲೀಂಧ್ರನಾಶಕ ಉಪಚರಿಸುವುದಿದ್ದರೆ ಅದನ್ನು ಮೊದಲು ಮುಗಿಸಿ, ರೈಜೋಬಿಯಂ ಅನ್ನು ಕೊನೆಯಲ್ಲಿ ಲೇಪಿಸಬೇಕು. ರಸಗೊಬ್ಬರದೊಂದಿಗೆ ಬೆರೆಸಬಾರದು.

ಫಲ ಪರೀಕ್ಷೆ

ಬಿತ್ತಿದ 30ರಿಂದ 40 ದಿನಗಳಲ್ಲಿ ಒಂದೆರಡು ಗಿಡಗಳನ್ನು ಮಣ್ಣು ಸಮೇತ ಅಗೆದು, ನೀರಿನಲ್ಲಿ ತೊಳೆದು ನೋಡಬೇಕು. ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ಬಿಳಿ ಗಂಟು ಸಾರಜನಕ ಕೊಡುತ್ತಿಲ್ಲ. ಹಸಿರು ತಿರುಗಿದ್ದರೆ ಅದರ ಕೆಲಸ ಮುಗಿದಿದೆ. ಗಂಟುಗಳೇ ಇಲ್ಲದಿದ್ದರೆ ಪೊಟ್ಟಣದ ಅವಧಿ, ಇಟ್ಟ ಜಾಗ, ಬೀಜೋಪಚಾರದ ಕ್ರಮ ಇವನ್ನು ಮೊದಲು ವಿಚಾರಿಸಬೇಕು.

ವಿಸ್ತರಣಾ ಕಾರ್ಯಕರ್ತರು ಉಪಚರಿಸಿದ ಮತ್ತು ಉಪಚರಿಸದ ಸಾಲುಗಳನ್ನು ಅಕ್ಕಪಕ್ಕ ಬಿತ್ತಿಸಿ, ಎರಡರ ಬೇರುಗಳನ್ನೂ ರೈತರ ಮುಂದೆ ತೊಳೆದು ತೋರಿಸುವುದು ಲೇಸು. ಲೀವೆನ್‌ಹುಕ್‌ನಿಗೆ ಮಸೂರ ಬೇಕಾಗಿತ್ತು. ಬೇರುಗಂಟಿನ ಬಣ್ಣ ನೋಡಲು ರೈತನಿಗೆ ಬರಿಗಣ್ಣು ಸಾಕು.