ಹುಣಸೆಯ ಹುಳಿ

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಕೆಂಗಲ್ ಎಂಬ ಊರಿದೆ. ಅಲ್ಲಿಯ ಆಂಜನೇಯನ ಗುಡಿಯ ಬಳಿ ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಜಾತ್ರೆ ಮುಗಿಯುವ ವೇಳೆಗೆ ಸುತ್ತಣ ಸೀಮೆಯ ಹೊಲದ ಬದುಗಳಲ್ಲಿ ಹುಣಸೆ ಮಾಗತೊಡಗುತ್ತದೆ. ರೈತರು ಗಳುಗಳಿಂದ ಕೊಂಬೆಗಳನ್ನು ಬಡಿದು ಹಣ್ಣನ್ನು ಉದುರಿಸುತ್ತಾರೆ. ಹೆಂಗಸರು ಅದನ್ನು ಬಿಸಿಲಿಗೆ ಹರಡಿ, ಸಿಪ್ಪೆ ಬಿಡಿಸಿ, ಬಡಿದು ಬೀಜ ತೆಗೆದು, ನಾರನ್ನು ಸೆಳೆದು, ಉಪ್ಪು ಬೆರೆಸಿ ಜಾಡಿಗಳಲ್ಲಿ ಅದುಮಿ ತುಂಬುತ್ತಾರೆ. ಹೀಗೆ ತುಂಬಿಟ್ಟ ಹಣ್ಣು ಮುಂದಿನ ಸುಗ್ಗಿಯವರೆಗೂ ಅಡಿಗೆಗೆ ಒದಗುತ್ತದೆ. ಮಾವು, ಬಾಳೆಗಳು ಮಾಗಿದ ಕೆಲವೇ ದಿನಗಳಲ್ಲಿ ಕೊಳೆಯುತ್ತವೆ. ಹುಣಸೆ ಮಾತ್ರ ವರ್ಷಕಾಲ ಕೆಡದೆ ಉಳಿಯುವುದೇಕೆ?

ಹುಣಸೆಯ ತಿರುಳಿನಲ್ಲಿ ನೀರಿನ ಅಂಶ ಕಡಿಮೆ. ಸಕ್ಕರೆಯ ಅಂಶ ಹೆಚ್ಚು. ಇವೆರಡಕ್ಕಿಂತಲೂ ಮುಖ್ಯವಾದುದು ಅದರ ಹುಳಿ. ಈ ಹುಳಿಗೆ ಕಾರಣವಾದ ವಸ್ತುವಿನ ಹೆಸರು ಟಾರ್ಟಾರಿಕ್ ಆಮ್ಲ. ತಿರುಳಿನ ನೂರು ಪಾಲಿನಲ್ಲಿ ಸಾಮಾನ್ಯವಾಗಿ 8ರಿಂದ 18 ಪಾಲಿನಷ್ಟು ಈ ಆಮ್ಲವಿರುತ್ತದೆ. ಇದರ ಒಂದೊಂದು ಅಣುವಿನಲ್ಲಿಯೂ ಇಂಗಾಲದ 4, ಜಲಜನಕದ 6 ಮತ್ತು ಆಮ್ಲಜನಕದ 6 ಪರಮಾಣುಗಳಿವೆ. ಶುದ್ಧರೂಪದಲ್ಲಿ ಇದು ವಾಸನೆಯಿಲ್ಲದ ಬಿಳಿಯ ಹರಳು. ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ದ್ರಾಕ್ಷಿಯಲ್ಲಿಯೂ ಈ ಆಮ್ಲವಿದೆ. ದ್ರಾಕ್ಷಾರಸದ ಪೀಪಾಯಿಗಳ ಒಳಮೈಗೆ ಅಂಟುವ ಗಸಿಯಿಂದ ಇದನ್ನು 1769ರಲ್ಲಿ ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನವಿಜ್ಞಾನಿ ಷೀಲೆ. ವಿಜ್ಞಾನಿ ಹೆಸರಿಡುವುದಕ್ಕೆ ಎಷ್ಟೋ ಶತಮಾನಗಳ ಮುನ್ನವೇ ನಮ್ಮ ಅಡಿಗೆಮನೆಗಳು ಈ ಆಮ್ಲದ ಗುಣವನ್ನು ಅರಿತಿದ್ದವು.

‘ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ?’ ಎಂಬುದು ಕನ್ನಡದ ಗಾದೆ. ಮರದ ಮಟ್ಟಿಗೆ ಈ ಮಾತು ದಿಟ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಶತಮಾನಗಳಷ್ಟು ಹಳೆಯ ಹುಣಸೆಯ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಅಂತಹ ಮನ್ನಣೆ ಪಡೆದ ಮೊದಲನೆಯ ತಾಣವದು. ಹಣ್ಣಿನ ಮಟ್ಟಿಗೂ ಗಾದೆ ದಿಟವೇ. ಮಾವಿನಂತಹ ಹಣ್ಣುಗಳು ಮಾಗಿದಂತೆ ಅವುಗಳ ಹುಳಿ ಇಳಿಯುತ್ತದೆ. ಹುಣಸೆಯಲ್ಲಿ ಸಿಹಿ ಹೆಚ್ಚುತ್ತದೆ, ಆದರೆ ಟಾರ್ಟಾರಿಕ್ ಆಮ್ಲ ಹಾಗೆಯೇ ಉಳಿಯುತ್ತದೆ. ಜಾಡಿಯಲ್ಲಿ ಹಣ್ಣು ಹಳೆಯದಾಗಿ ಕಪ್ಪಾದರೂ ಹುಳಿ ಮಾಯವಾಗುವುದಿಲ್ಲ.

ಆಹಾರವನ್ನು ಕೆಡಿಸುವವು ಕಣ್ಣಿಗೆ ಕಾಣದ ಜೀವಾಣುಗಳು. ಹುಳಿಯ ನಡುವೆ ಸಿಲುಕಿದ ಜೀವಾಣು ತನ್ನ ಒಳಗಿನ ಸಮತೋಲವನ್ನು ಕಾಪಾಡಿಕೊಳ್ಳುವುದರಲ್ಲಿಯೇ ಶಕ್ತಿಯನ್ನೆಲ್ಲ ವ್ಯಯಿಸುತ್ತದೆ; ಬೆಳೆಯಲಾರದು, ಹೆಚ್ಚಲಾರದು. ಹುಳಿಯ ಪ್ರಮಾಣವನ್ನು ‘ಪಿಎಚ್’ ಎಂಬ ಮಾನದಿಂದ ಅಳೆಯುತ್ತಾರೆ. ಶುದ್ಧವಾದ ನೀರಿನ ಪಿಎಚ್ 7. ಹುಳಿ ಹೆಚ್ಚಿದಂತೆ ಈ ಸಂಖ್ಯೆ ಇಳಿಯುತ್ತದೆ. ಗಟ್ಟಿಯಾದ ಹುಣಸೆರಸದಲ್ಲಿ ಅದು 3ರ ಆಸುಪಾಸಿನಲ್ಲಿರುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಎಂಬ ಮಾರಕ ರೋಗವನ್ನು ತರುವ ಜೀವಾಣು ಬೆಳೆಯಲಾರದು. ಮಣ್ಣಿನಲ್ಲಿ ವಾಸಿಸುವ ಈ ಜೀವಾಣು ಗಾಳಿಯಾಡದ ಕಡೆ ಬೆಳೆದು ವಿಷವನ್ನುಂಟುಮಾಡುತ್ತದೆ. ಹುಳಿ ಸೇರಿಸದೆ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದು ಅಪಾಯಕರವಾದುದು ಈ ಕಾರಣದಿಂದಲೇ.

ಹುಳಿ ಕಾಪಾಡಬೇಕಾದರೆ ಅದು ಸಾಕಷ್ಟು ಗಟ್ಟಿಯಾಗಿರಬೇಕು. ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ’ ಎಂಬ ಇನ್ನೊಂದು ಗಾದೆಯನ್ನು ವ್ಯರ್ಥಪ್ರಯತ್ನಕ್ಕೆ ಹೇಳುವುದುಂಟು. ಅದರಲ್ಲಿ ರಸಾಯನವಿಜ್ಞಾನದ ಪಾಠವೂ ಅಡಗಿದೆ. ಬೇಳೆಯೂ ನೀರೂ ಹೆಚ್ಚಾಗಿರುವ ಸಾರು ಬೇಸಗೆಯಲ್ಲಿ ಒಂದು ರಾತ್ರಿ ಕಳೆಯುವುದರೊಳಗೆ ಹಳಸುತ್ತದೆ. ಅದೇ ಹುಣಸೆಯ ರಸವನ್ನು ಉಪ್ಪು, ಬೆಲ್ಲ, ಎಣ್ಣೆಗಳೊಡನೆ ನೀರಿಂಗುವವರೆಗೆ ಕುದಿಸಿದ ಪುಳಿಯೋಗರೆಯ ಗೊಜ್ಜು ವಾರಗಟ್ಟಲೆ ಉಳಿಯುತ್ತದೆ. ಆದರೆ ಹುಳಿಯನ್ನು ಸಹಿಸುವ ಬೂಷ್ಟುಗಳೂ ಇವೆ. ಆದುದರಿಂದ ಗೊಜ್ಜಿನ ಜಾಡಿಗೆ ಒದ್ದೆಯ ಚಮಚ ಹಾಕಬಾರದು. ಬೂಷ್ಟು ಹಿಡಿದ ಗೊಜ್ಜನ್ನು ಮೇಲಿನ ಪದರ ತೆಗೆದು ತಿನ್ನಲೂಬಾರದು.

ಹುಳಿಯ ಇನ್ನೊಂದು ಗುಣವನ್ನು ಹಬ್ಬದ ಮುನ್ನಾದಿನ ಮನೆಮನೆಯಲ್ಲಿ ಕಾಣಬಹುದು. ಕಪ್ಪಿಟ್ಟ ತಾಮ್ರದ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಅದು ಥಳಥಳಿಸುತ್ತದೆ. ಲೋಹದ ಮೇಲೆ ಕಟ್ಟಿದ ಆಕ್ಸೈಡಿನ ಪದರವನ್ನು ಆಮ್ಲವು ಕರಗಿಸುವುದೇ ಇದಕ್ಕೆ ಕಾರಣ. ಹೊರಗಿನ ಮೈಯನ್ನು ಬೆಳಗುವ ಈ ಗುಣವೇ ಪಾತ್ರೆಯ ಒಳಗೆ ಅಪಾಯವನ್ನು ತರುತ್ತದೆ. ತಾಮ್ರ, ಹಿತ್ತಾಳೆಗಳ ಪಾತ್ರೆಯಲ್ಲಿ ಹುಳಿಯನ್ನು ಇಟ್ಟರೆ ತಾಮ್ರವು ಕರಗಿ ಆಹಾರಕ್ಕೆ ಸೇರುತ್ತದೆ. ತಿಂದವರಿಗೆ ಹೊಟ್ಟೆನೋವು, ವಾಂತಿ ಉಂಟಾಗುತ್ತವೆ. ಹಿಂದಿನವರು ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಇದರಿಂದಲೇ. ಕಲಾಯಿ ಸವೆದ ಪಾತ್ರೆ ಹುಳಿಪದಾರ್ಥಕ್ಕೆ ತಕ್ಕುದಲ್ಲ. ಅಲ್ಯೂಮಿನಿಯಮ್ಮನ್ನೂ ಹುಳಿ ಕೊರೆಯುತ್ತದೆ. ಗಾಜಿನ ಜಾಡಿ, ಒಳ್ಳೆಯ ಪಿಂಗಾಣಿಯ ಭರಣಿ, ಸ್ಟೇನ್‌ಲೆಸ್ ಉಕ್ಕಿನ ಪಾತ್ರೆ ಇವು ಹುಳಿಗೆ ಯೋಗ್ಯವಾದವು.

ಮೆರುಗು ಕೊಟ್ಟ ಮಣ್ಣಿನ ಪಾತ್ರೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕೆಲವು ಮೆರುಗುಗಳಲ್ಲಿ ಸೀಸವಿರುತ್ತದೆ. ಹುಳಿ ಅದನ್ನು ಕರಗಿಸಬಲ್ಲದು. 1999–2000ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಮೆಕ್ಸಿಕೋದಿಂದ ತರಿಸಿದ ಹುಣಸೆಯ ಮಿಠಾಯಿ ತಿಂದ ಮಕ್ಕಳ ರಕ್ತದಲ್ಲಿ ಸೀಸವು ಕಂಡುಬಂದಿತು. ಇಂತಹ ಮಿಠಾಯಿಯನ್ನು ಸೀಸದ ಮೆರುಗಿನ ಕುಡಿಕೆಗಳಲ್ಲಿ ತುಂಬಿ ಮಾರುವ ವಾಡಿಕೆಯಿತ್ತು. ಸೀಸವು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿಮಾಡುತ್ತದೆ. ಅದರ ಇರವನ್ನು ನಾಲಗೆ ಹೇಳಲಾರದು, ಕಣ್ಣು ಕಾಣಲಾರದು.

ಕಾರ್ಖಾನೆಗಳಲ್ಲಿ ತಯಾರಾದ ಆಹಾರಗಳಿಗೆ ಟಾರ್ಟಾರಿಕ್ ಆಮ್ಲದ ಹರಳನ್ನು ಬೆರೆಸುವುದುಂಟು. ಪೊಟ್ಟಣದ ಮೇಲೆ 334 ಎಂಬ ಸಂಖ್ಯೆ ಇದನ್ನೇ ಸೂಚಿಸುತ್ತದೆ. ಮಿತವಾಗಿ ಬೆರೆಸಿದ ಆಮ್ಲದಿಂದ ತೊಂದರೆಯಿಲ್ಲ. ಆದರೆ ಹರಳಿನ ಪುಡಿ ಅಡಿಗೆಯ ಹುಣಸೆಯಷ್ಟು ಸೌಮ್ಯವಲ್ಲ. ಅದು ಕಣ್ಣಿಗೆ ತಗುಲಿದರೆ ಉರಿಯುತ್ತದೆ, ಗಾಯವನ್ನೂ ಮಾಡಬಹುದು. ಶಾಲೆಯ ಪ್ರಯೋಗಶಾಲೆಯಲ್ಲಿ ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ರುಚಿ ನೋಡಬಾರದು. ಪುಡಿ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಹರಳಿನ ಸೀಸೆಗೆ ಹೆಸರಿನ ಚೀಟಿ ಅಂಟಿಸಿ, ಮುಚ್ಚಳ ಬಿಗಿದು, ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಹುಣಸೆಯನ್ನು ಉಪ್ಪು, ಮೆಣಸಿನಕಾಯಿಗಳೊಡನೆ ಕುಟ್ಟಿ, ಕಡ್ಡಿಗೆ ಸಿಕ್ಕಿಸಿ ಗಂಟೆಗಟ್ಟಲೆ ಚೀಪುವ ಮಕ್ಕಳೂ ಒಂದು ಮಾತನ್ನು ನೆನಪಿಡಬೇಕು: ಹುಳಿಯು ಹಲ್ಲಿನ ಹೊರಗವಚವನ್ನು ಮೆದುವಾಗಿಸುತ್ತದೆ. ತಿಂದ ಮೇಲೆ ಬಾಯಿ ಮುಕ್ಕಳಿಸುವುದು ಒಳ್ಳೆಯದು.

ಜೀವಾಣುವನ್ನು ತಡೆಯುವುದೂ ತಾಮ್ರವನ್ನು ಕರಗಿಸುವುದೂ ಒಂದೇ ಆಮ್ಲ. ಅದು ಅನ್ನವನ್ನು ಕಾಯುವುದೋ ಕೆಡಿಸುವುದೋ ಎಂಬುದು ಬೆರೆಸುವವನ ಅಳತೆಯನ್ನೂ ಅವನು ಆರಿಸಿಕೊಂಡ ಪಾತ್ರೆಯನ್ನೂ ಅವಲಂಬಿಸಿದೆ.