ಸಾಲೆಂಟೊ: ಬಿದಿರುಗೋಡೆಯ ಕಾಫಿ ಊರು

ಪ್ರಶ್ನೆ: ನಮ್ಮದು ಅರೇಬಿಕಾ ತೋಟ. ಮಗಳು ಕೊಲಂಬಿಯಾದ ಬೊಗೋಟಾದಲ್ಲಿ ಕೆಲಸದಲ್ಲಿದ್ದಾಳೆ. ಕೊಯ್ಲು ಮುಗಿಸಿ ನಾನೂ ಮನೆಯವರೂ ಹೊರಟಿದ್ದೇವೆ. ಅಲ್ಲಿನ ಕಾಫಿ ಸೀಮೆಯಲ್ಲಿ ಸಾಲೆಂಟೊ ಎಂಬ ಸ್ಪ್ಯಾನಿಷರ ಕಾಲದ ಊರು ನೋಡಲೇಬೇಕು ಎನ್ನುತ್ತಾಳೆ. ಬೆಳೆಗಾರನಿಗೆ ಅಲ್ಲಿ ಏನಿದೆ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಖಂಡಿತ ಹೋಗಿ ಬನ್ನಿ. ಚೌಕ, ಚರ್ಚು, ಒಳಅಂಗಳದ ಮನೆಗಳನ್ನು ನೋಡಿದರೆ ಸ್ಪ್ಯಾನಿಷರ ಊರೇ ಅನ್ನಿಸುತ್ತದೆ. ಆದರೆ ಅದು ಹುಟ್ಟಿದ್ದು 1842ರಲ್ಲಿ, ಸ್ಪೇನಿನ ಆಳ್ವಿಕೆ ಕೊನೆಗೊಂಡ ಮೇಲೆ. ಆಂಟಿಯೋಕಿಯಾ ಸೀಮೆಯಿಂದ ವಲಸೆ ಬಂದ ರೈತರು ಕಾಡು ಕಡಿದು ಕಟ್ಟಿಕೊಂಡ ಮನೆಗಳವು. ಬಣ್ಣದ ಬಾಗಿಲುಗಳಿಗಿಂತ ಗೋಡೆಗಳನ್ನು ಗಮನಿಸಿ. ಗ್ವಾಡುವಾ ಎಂಬ ದಪ್ಪ ಬಿದಿರಿನ ಹಂದರಕ್ಕೆ ಮಣ್ಣು ಮೆತ್ತಿದ್ದಾರೆ. ಭೂಮಿ ನಡುಗುವ ಸೀಮೆಯಲ್ಲಿ ಈ ಹಗುರ ಗೋಡೆ ಬಾಗಿ ತಾಳಿಕೊಳ್ಳುತ್ತದೆ. ಪಕ್ಕದ ಅರ್ಮೇನಿಯಾ ನಗರದ ದೊಡ್ಡ ಭಾಗವನ್ನು 1999ರ ಜನವರಿಯ ಭೂಕಂಪ ನೆಲಕ್ಕೆ ಕೆಡವಿತ್ತು.

ಊರಿನಲ್ಲಿ ಒಂದು ಸಂಜೆ ಸಾಕು, ಅದೂ ವಾರದ ನಡುವೆ. ಶನಿವಾರ, ಭಾನುವಾರ ಜನಜಂಗುಳಿ. ಉಳಿದ ಹೊತ್ತು ಸುತ್ತಲಿನ ಸಣ್ಣ ತೋಟಗಳಲ್ಲಿ ಕಳೆಯಿರಿ. ಭೂಮಧ್ಯರೇಖೆ ಹತ್ತಿರವಾದ್ದರಿಂದ ಅಲ್ಲಿ ನಮ್ಮಂತೆ ಒಂದೇ ಹೂಮಳೆ, ಒಂದೇ ಕೊಯ್ಲು ಎಂಬುದಿಲ್ಲ. ಒಂದೇ ರೆಕ್ಕೆಯಲ್ಲಿ ಹೂ, ಕಾಯಿ, ಹಣ್ಣು ಒಟ್ಟಿಗೆ ಕಾಣಬಹುದು. ದೊಡ್ಡ ಕೊಯ್ಲು ಅಕ್ಟೋಬರ್‌ನಿಂದ ಡಿಸೆಂಬರ್, ಚಿಕ್ಕದು ಏಪ್ರಿಲ್‌ನಿಂದ ಜೂನ್. ನೀವು ಹೋಗುವ ಹೊತ್ತಿಗೆ ಹಣ್ಣು ಕಡಿಮೆ, ಆದರೆ ಮಳೆಯೂ ಕಡಿಮೆ. ನಿಮ್ಮಲ್ಲಿ ಚಂದ್ರಗಿರಿ ತಳಿ ಇದ್ದರೆ ಅಲ್ಲಿನ ಕಾಸ್ಟಿಯೊ ತಳಿಯ ಬಗ್ಗೆ ಕೇಳಿ ನೋಡಿ: ಎರಡಕ್ಕೂ ತುಕ್ಕುರೋಗ ತಡೆಯುವ ಗುಣ ಬಂದಿದ್ದು ತಿಮೋರ್ ಹೈಬ್ರಿಡ್‌ನಿಂದಲೇ.

ಇನ್ನೊಂದನ್ನು ಮರೆಯದೆ ನೋಡಿ. ಅಲ್ಲಿ ಕೆಲವು ರೈತರು ಮನೆಯ ಮೇಲೆಯೇ ಕಾಫಿ ಒಣಹಾಕಿ, ಮಳೆ ಬಂದರೆ ಸೂರನ್ನು ಎಳೆದು ಮುಚ್ಚುತ್ತಾರೆ. ಅಕಾಲ ಮಳೆಗೆ ಕಣದಲ್ಲಿ ಕಾಫಿ ನೆನೆಯುವ ಸಂಕಟ ನಿಮಗೆ ಗೊತ್ತೇ ಇದೆ. ಅದರ ಅಳತೆ, ಜೋಡಣೆ ಎಲ್ಲ ಬರೆದುಕೊಂಡು ಬನ್ನಿ.

ಚೌಕದಿಂದ ಹಳೇ ವಿಲ್ಲಿಸ್ ಜೀಪು ಹತ್ತಿದರೆ ಕೊಕೊರಾ ಕಣಿವೆ. 1985ರಲ್ಲಿ ರಾಷ್ಟ್ರವೃಕ್ಷವಾದ ಮೇಣದ ತಾಳೆ ಅಲ್ಲಿದೆ, 60 ಮೀಟರ್‌ವರೆಗೂ ಬೆಳೆಯುತ್ತದೆ. ಹುಲ್ಲುಗಾವಲಿನಲ್ಲಿ ಒಂಟಿಯಾಗಿ ನಿಂತ ಮರಗಳ ಕೆಳಗೆ ಸಸಿ ಹುಡುಕಿ, ಸಿಗುವುದು ಅಪರೂಪ. ಕಾಡಿನ ನೆರಳು ಹೋಗಿದೆ, ಮೊಳೆತದ್ದನ್ನು ದನ ಮೇಯುತ್ತದೆ. ನೆರಳುಮರ ಕಡಿಯಲು ಹೊರಟ ನಮ್ಮ ಬೆಳೆಗಾರರಿಗೆ ಆ ಕಣಿವೆ ತೋರಿಸಬೇಕು ಎಂಬುದು ನನ್ನ ಆಸೆ.

ಪ್ರಶ್ನೆ: ನಾವು ಶಾಕಾಹಾರಿಗಳು. ಕೊಲಂಬಿಯಾದ ಚಿಕ್ಕ ಊರುಗಳಲ್ಲಿ ಊಟಕ್ಕೆ ತೊಂದರೆಯೇ? ಲಸಿಕೆ ಬೇಕೇ?
— ಓದುಗರೊಬ್ಬರು, ಶಿರಸಿ

ಉತ್ತರ: ಉಪವಾಸ ಬೀಳುವುದಿಲ್ಲ. ಮೆಕ್ಕೆಜೋಳದ ಅರೇಪಾ ರೊಟ್ಟಿ, ಬಾಳೆಕಾಯಿಯನ್ನು ಚಪ್ಪಟೆ ಮಾಡಿ ಕರಿದ ಪಟಕೋನ್, ಅನ್ನ, ಬೆಣ್ಣೆಹಣ್ಣು ಸುಲಭವಾಗಿ ಸಿಗುತ್ತವೆ. ಹುರುಳಿಕಾಯಿ ಬೀಜದ ಸಾರಿನಲ್ಲಿ ಮಾತ್ರ ಹಂದಿಮಾಂಸ ಹಾಕಿ ಬೇಯಿಸುವುದುಂಟು, ಕೇಳಿಯೇ ತಿನ್ನಿ.

ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ, ಹೊರಡುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. 60 ದಾಟಿದವರು ಮೊದಲು ವೈದ್ಯರನ್ನು ಕಾಣಿ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.