ಕಾರ್ಬುರೇಟರಿನ ಉಸಿರು

ಹಳೆಯ ಎರಡು-ಸ್ಟ್ರೋಕ್ ಸ್ಕೂಟರನ್ನೇ ನಂಬಿ ಕಾರ್ಖಾನೆಗೂ ಕಚೇರಿಗೂ ಹೋಗುವ ಮಿತ್ರರು ಇನ್ನೂ ಇದ್ದಾರೆ. "ಏರ್ ಫಿಲ್ಟರನ್ನು ಕಿತ್ತುಬಿಡಿ, ಗಾಳಿ ಹೆಚ್ಚಿ ಗಾಡಿ ಹಾರುತ್ತದೆ" ಎಂಬ ಮಾತು ಅವರ ಕಿವಿಗೂ ಬಿದ್ದಿರಬಹುದು. ಹಾಗೆ ಮಾಡುವ ಮುನ್ನ ಕಾರ್ಬುರೇಟರಿನ ಕೆಲಸವನ್ನು ತಿಳಿಯುವುದು ಮೇಲು.

ಅದರ ನಡುವೆ ಗಾಳಿಯ ದಾರಿ ಕಿರಿದಾಗಿದೆ. ಇಟಲಿಯ ವಿಜ್ಞಾನಿ ವೆಂಚುರಿ (1746–1822) ತೋರಿಸಿದಂತೆ, ಇಕ್ಕಟ್ಟಿನಲ್ಲಿ ಹರಿವು ವೇಗಗೊಂಡು ಒತ್ತಡ ಇಳಿಯುವುದು. ಆಗ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲು ಮೇಲೆದ್ದು ಗಾಳಿಯೊಡನೆ ಬೆರೆಯುವುದು. ಈ ಇಕ್ಕಟ್ಟನ್ನು ಅರದಿಂದ ಉಜ್ಜಿ ಅಗಲ ಮಾಡಿದರೆ ನಿಧಾನ ಓಟದಲ್ಲಿ ಸೆಳೆತವೇ ಕುಗ್ಗುತ್ತದೆ. ಉಜ್ಜಿದ ಲೋಹ ಮರಳಿ ಬಾರದು.

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಮಾತ್ರ ಹೆಚ್ಚಿದರೆ ಇಂಜಿನು ಅತಿಯಾಗಿ ಕಾಯುವುದು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುವ ಗಾಡಿಗಳಲ್ಲಿ ಎಣ್ಣೆಯೂ ಸಾಲದೆ ಪಿಸ್ಟನ್ ಕಚ್ಚಿಕೊಳ್ಳಬಹುದು. ಫಿಲ್ಟರಿಲ್ಲದಿದ್ದರೆ ಧೂಳು ಹೊಕ್ಕು ಸಿಲಿಂಡರ್ ಸವೆಯುವುದು. ಲಾಭಕ್ಕೆ ಹೋಗಿ ಅಸಲನ್ನೇ ಕಳೆದಂತೆ!

ಆದ್ದರಿಂದ ಮೊದಲು ಫಿಲ್ಟರನ್ನು ಶುಚಿಮಾಡಿ. ಜೆಟ್ಟನ್ನು ಊದಿ ತೆರವು ಮಾಡಿ, ತಂತಿಯಿಂದ ಚುಚ್ಚಕೂಡದು. ಅನೇಕ ಗಾಡಿಗಳ ಸೋಮಾರಿತನ ಇಷ್ಟಕ್ಕೇ ತೀರುತ್ತದೆ. ಆಮೇಲೂ ಹೆಚ್ಚು ಗಾಳಿ ಬಿಡುವ ಫಿಲ್ಟರನ್ನು ಹಾಕುವುದಾದರೆ, ಮುಖ್ಯ ಜೆಟ್ಟನ್ನೂ ದೊಡ್ಡದಾಗಿ ಹಾಕಿ, ಒಂದೊಂದೇ ಅಂಕೆ ಇಳಿಸುತ್ತ ಬನ್ನಿ. ಪ್ರತಿ ಸಲವೂ ಸ್ವಲ್ಪ ದೂರ ಓಡಿಸಿ, ಇಂಜಿನು ಆರಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿ. ತಿಳಿಗಂದು ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಪೆಟ್ರೋಲು ಸಾಲದು. ಮಸಿ ಕಟ್ಟಿದ್ದರೆ ಹೆಚ್ಚಾಯಿತು.

ಹೊತ್ತಿಗೆ ಸರಿಯಾಗಿ ದುಡಿಮೆಗೆ ಮುಟ್ಟಿಸುವ ಗಾಡಿಯೇ ಒಳ್ಳೆಯ ಗಾಡಿ.